ಗೊರಕೆಯ ಮನೆಯಲ್ಲಿ ಮರೆವಿನ ಒಂದು ವರ್ಷ

ಸರಿಯಾಗಿ ನಿದ್ದೆ ಇಲ್ಲದ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆದದ್ದು ಮನೆಯವರಿಗೆ ನೆನಪಿರುವುದಿಲ್ಲ, ಅಷ್ಟೇ. ಪುಣ್ಯಕ್ಕೆ ನನ್ನ ಪಾಲಿನ ನೆನಪುಗಳನ್ನು ಊರಿನವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಈಗಲೂ ಯಾರ ಕೊಟ್ಟಿಗೆಗೆ ಹೋದರೂ, "ಡಾಕ್ಟ್ರಮ್ಮ, ಅವತ್ತೊಂದಿನ ನೀವು..." ಎಂದು ಶುರುಮಾಡಿ, ಮುಂದಿನದನ್ನು ಹೇಳಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಾನು ದನದ ಡಾಕ್ಟರು. ಮನೆ ಹೊನ್ನಾವರದಲ್ಲಿ, ಕ್ಲಿನಿಕ್ಕು ಭಟ್ಕಳ ತಾಲೂಕಿನ ಕಾಯ್ಕಿಣಿ ಹತ್ತಿರ. ನನ್ನ ಯಜಮಾನರು ಕುಮಟೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಕತಗಾಲದ ಕಡೆಯವರು, ಎಪ್ಪತ್ತೆಂಟು ವರ್ಷ, ಒಂದು ಹಲ್ಲು ಬಿದ್ದಿಲ್ಲ, ಒಂದು ಮಾತು ಮರೆತಿಲ್ಲ.

ನಮ್ಮ ಯಜಮಾನರು ಗೊರಕೆ ಹೊಡೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಅದು ಬೆಕ್ಕಿನ ಗುರುಗುರು ಇದ್ದಂತೆ ಇತ್ತು. ಐವತ್ತು ದಾಟಿ ಹೊಟ್ಟೆ ಸ್ವಲ್ಪ ಮುಂದೆ ಬಂದ ಮೇಲೆ ಲಾರಿ ಘಟ್ಟ ಹತ್ತುವ ಸದ್ದಾಯಿತು. ನಾನು ಕಿವಿಗೆ ಹತ್ತಿ ಇಟ್ಟೆ. ನಡುಮನೆಯಲ್ಲಿ ಮಲಗಿದೆ. ಅಡುಗೆಮನೆಯಲ್ಲಿ ಗ್ರೈಂಡರ್ ಪಕ್ಕ ಮಲಗಿದೆ. ನಮ್ಮದು ಹಳೆಯ ಹೆಂಚಿನ ಮನೆ, ಗೋಡೆಗಳು ಮಾಡಿನವರೆಗೆ ಮುಟ್ಟುವುದಿಲ್ಲ. ಒಂದು ಕೋಣೆಯಲ್ಲಿ ಗೊರಕೆ ಹೊಡೆದರೆ ಎಲ್ಲ ಕೋಣೆಗೂ ಸಮಪಾಲು. ಅತ್ತೆಗೆ ಮಾತ್ರ ಅದು ಜೋಗುಳ. "ಅವನ ಅಪ್ಪಂದೂ ಹೀಂಗೇ ಇತ್ತು" ಎಂದು ಹೆಮ್ಮೆಯಿಂದ ಹೇಳಿ ಆ ಕಡೆ ಮಗ್ಗುಲಾಗುತ್ತಿದ್ದರು.

ಹೀಗೆ ಒಂದು ವರ್ಷ ನಾನು ಕಣ್ಣು ಬಿಟ್ಟುಕೊಂಡು ಮಾಡಿನ ಹೆಂಚು ಎಣಿಸಿದೆ. ಆ ವರ್ಷದ ಕಥೆಗಳು ಇವು.

ಚೂಡಿದಾರಿನ ಡಾಕ್ಟ್ರಮ್ಮ

ಕಾಯ್ಕಿಣಿಯಲ್ಲಿ ಒಂದು ಮನೆಯ ದನಕ್ಕೆ ಕೆಚ್ಚಲು ಬಾವು. ಮನೆಯಾಕೆ ಹಿಂದಿನ ಸಂಜೆಯೇ ಫೋನಿಗೆ ಸಂದೇಶ ಕಳಿಸಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಹೋದೆ, ಇಂಜೆಕ್ಷನ್ ಕೊಟ್ಟೆ, ಬಿಸಿನೀರಿನ ಶಾಖ ಕೊಡಿ ಎಂದೆ, ಚಾ ಕುಡಿದೆ, ಕ್ಲಿನಿಕ್ಕಿಗೆ ಬಂದೆ. ಕುರ್ಚಿಯಲ್ಲಿ ಕೂತು ಫೋನು ತೆಗೆದರೆ, ಅದೇ ಸಂದೇಶ ಕಣ್ಣಿಗೆ ಬಿತ್ತು: "ದನಕ್ಕೆ ಬಾವು ಬಂದಿದೆ, ಬೇಗ ಬನ್ನಿ."

ಅಯ್ಯೋ, ಮರೆತೇಬಿಟ್ಟೆನಲ್ಲ! ಚೀಲ ಎತ್ತಿಕೊಂಡು ಓಡಿದೆ.

ಮನೆಯಾಕೆ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದರು. ನನ್ನನ್ನು ನೋಡಿ ಎದ್ದರು. "ಎಂತ ಬಿಟ್ಟು ಹೋಗಿದ್ರಿ ಅಮ್ಮ?"

"ಬಿಟ್ಟು ಹೋಗೋದೆಂತ? ದನ ನೋಡ್ಲಿಕ್ಕೆ ಬಂದೆ. ಸ್ವಲ್ಪ ತಡ ಆಯ್ತು, ಬೇಜಾರು ಮಾಡ್ಕೋಬೇಡಿ."

ಆಕೆ ಕೈ ಒರೆಸಿಕೊಂಡು ನನ್ನ ಹಿಂದೆ ಬಂದರು. ನಾನು ಕೆಚ್ಚಲು ಮುಟ್ಟಿ ನೋಡಿದೆ. ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು. ಸೂಜಿ ಚುಚ್ಚಿದ ಗುರುತು ಇನ್ನೂ ಹಸಿಯಾಗಿತ್ತು.

ನನಗೆ ಸ್ವಲ್ಪ ಸಿಟ್ಟೇ ಬಂತು. "ಆಗಲೇ ಇಂಜೆಕ್ಷನ್ ಕೊಡ್ಸಿದ್ದೀರಲ್ಲ! ನನಗೂ ಹೇಳಿ, ಬೇರೆಯವರನ್ನೂ ಕರೆಸೂದು ಅಂದ್ರೆ ಹೇಗೆ?"

"ಒಬ್ರು ಡಾಕ್ಟ್ರಮ್ಮ ಬಂದಿದ್ರು" ಎಂದರು ಆಕೆ, ಬಹಳ ಮೆತ್ತಗೆ.

"ಯಾರದು? ನಮ್ಮ ಕಡೆ ಇನ್ಯಾರಿದ್ದಾರೆ? ಹೇಗಿದ್ರು?"

"ಚೊಲೋ ಇದ್ರು. ಹೊನ್ನಾವರದವ್ರು. ಇದೇ ಹಸಿರು ಚೂಡಿದಾರ್ ಹಾಕಿದ್ರು. ಚಾಕ್ಕೆ ಸಕ್ಕರೆ ಕಮ್ಮಿ ಅಂದಿದ್ರು."

ನಾನು ನನ್ನ ಚೂಡಿದಾರ್ ನೋಡಿಕೊಂಡೆ. ದನ ನನ್ನ ಚೀಲ ನೋಡಿತು. ನೋಡಿದ್ದೇ ಹಗ್ಗ ಜಗ್ಗಿಕೊಂಡು ಹೋಗಿ ಮನೆಯಾಕೆಯ ಬೆನ್ನ ಹಿಂದೆ ನಿಂತಿತು.

"ಅದಕ್ಕೆ ನೆನಪಿದೆ ನೋಡಿ" ಎಂದರು ಆಕೆ. "ಅದು ರಾತ್ರಿ ಚೊಲೋ ಮಲಗ್ತದೆ."

ಮೋತಿಯ ಸರ್ಟಿಫಿಕೇಟು

ಭಟ್ಕಳದ ಪೇಟೆಯಲ್ಲಿ ಒಬ್ಬರು ಹಿರಿಯ ಬೀಬಿ. ಅವರ ಹತ್ತಿರ ಮೋತಿ ಎಂಬ ಬಿಳಿ ಬೆಕ್ಕು. ಮಗ ದುಬೈನಲ್ಲಿ. ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಬಂದಿದ್ದ. ತಾಯಿ ಬೆಕ್ಕನ್ನು ಬಿಟ್ಟು ಹೊರಡಲು ಒಪ್ಪಲಿಲ್ಲ. ಬೆಕ್ಕು ವಿಮಾನ ಹತ್ತಬೇಕಾದರೆ ಸರ್ಟಿಫಿಕೇಟು ಬೇಕು. ನಾನು ಬೆಕ್ಕನ್ನು ಪರೀಕ್ಷೆ ಮಾಡಿ, ಇಂಜೆಕ್ಷನ್ ವಿವರ ಬರೆದು, ಸಹಿ ಸೀಲು ಎಲ್ಲ ಹಾಕಿ ಕೊಟ್ಟೆ. ಬೀಬಿ ನನ್ನ ತಲೆ ಸವರಿ, "ಜೀತಿ ರಹೋ ಬೇಟಿ. ಯಾಕೆ ಕಣ್ಣೆಲ್ಲ ಕೆಂಪು?" ಎಂದರು. ಹೆಬ್ಬೆರಳಿನ ಹಾಗೆ ದಪ್ಪ ದಪ್ಪ ಖರ್ಜೂರದ ಡಬ್ಬಿಯನ್ನೂ ಕೊಟ್ಟರು.

ಮರುದಿನ ಹೊರಡುವವರು. ಅದೇ ಸಂಜೆ ಐದಕ್ಕೆ ಮಗ ಕಾರು ಓಡಿಸಿಕೊಂಡು ಕ್ಲಿನಿಕ್ಕಿಗೇ ಬಂದ. ಮುಖ ಬಿಗಿದಿತ್ತು. ಹಿಂದಿನ ಸೀಟಿನಲ್ಲಿ ಬೀಬಿ.

"ಮೇಡಂ, ಇದನ್ನೊಂದು ಸಲ ಓದಿ."

ಓದಿದೆ. ಮಾಲೀಕರ ಹೆಸರು ಇರಬೇಕಾದ ಜಾಗದಲ್ಲಿ ಮೋತಿ. ಪ್ರಾಣಿಯ ಹೆಸರು ಇರಬೇಕಾದ ಜಾಗದಲ್ಲಿ ಅವನ ತಾಯಿ. ಮುಂದಕ್ಕೆ ನನ್ನದೇ ಅಕ್ಷರದಲ್ಲಿ: ಕೂದಲು ಬಿಳಿ. ಸ್ವಭಾವ ಸಾಧು, ಅಪರಿಚಿತರನ್ನು ಕಚ್ಚುವುದಿಲ್ಲ. ಹೊಟ್ಟೆಯಲ್ಲಿ ಹುಳ ಇಲ್ಲ. ಮೈಮೇಲೆ ಚಿಗಟ ಇಲ್ಲ. ಬುಟ್ಟಿಯಲ್ಲಿ ಕೂರಿಸಿ ಸಾಗಿಸಲು ಅಡ್ಡಿಯಿಲ್ಲ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಈ ಕಾಗದ ತಗೊಂಡು ಏರ್‌ಪೋರ್ಟಿಗೆ ಹೋದ್ರೆ ಬೆಕ್ಕಿಗೆ ಕಿಟಕಿ ಪಕ್ಕದ ಸೀಟು, ನಮ್ಮ ಅಮ್ಮ ಬುಟ್ಟಿಯಲ್ಲಿ" ಎಂದ ಮಗ. ಅಷ್ಟು ಹೇಳುವಷ್ಟರಲ್ಲಿ ಅವನ ಬಿಗಿದ ಮುಖ ಸಡಿಲವಾಗಿ, ತುಟಿ ಅದುರಿ, ನಗು ಹೊರಗೆ ಬಂದುಬಿಟ್ಟಿತು. ನಾನು ಹತ್ತು ಸಲ ಕ್ಷಮೆ ಕೇಳಿ, ಹೊಸದು ಬರೆದು, ಅವನ ಕೈಯಲ್ಲೇ ಎರಡು ಸಲ ಓದಿಸಿ ಸೀಲು ಹಾಕಿದೆ. ಹಳೆಯದನ್ನು ಹರಿಯಲು ಹೋದೆ.

ಕಾರಿನ ಕಿಟಕಿಯಿಂದ ಬೀಬಿಯ ಕೈ ಹೊರಗೆ ಬಂತು. "ಹರೀಬೇಡ ಬೇಟಿ, ಇಲ್ಲಿ ಕೊಡು. ಸ್ವಭಾವ ಸಾಧು, ಕಚ್ಚೂದಿಲ್ಲ ಅಂತ ಡಾಕ್ಟರೇ ಸೀಲು ಹಾಕಿ ಬರೆದಿದ್ದಾರೆ. ದುಬೈನಲ್ಲಿ ಸೊಸೆಗೆ ತೋರಿಸ್ಬೇಕು."

ಕಳುವಾದ ಸ್ಕೂಟರು

ನಾನು ಮನೆಯಿಂದ ಹೊನ್ನಾವರ ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಹೋಗಿ, ಅಲ್ಲಿ ನಿಲ್ಲಿಸಿ, ಬಸ್ಸು ಹಿಡಿಯುವವಳು. ಒಂದು ದಿನ ಸಂಜೆ ಬಸ್ಸಿಳಿದು ನೋಡಿದರೆ ಎದುರಿಗೇ ನಮ್ಮ ಪಕ್ಕದ ಮನೆಯವರ ಆಟೋ ನಿಂತಿತ್ತು. ಹತ್ತಿ ಕೂತೆ, ಮನೆಗೆ ಬಂದೆ.

ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಸ್ಕೂಟರಿಲ್ಲ. ಗೇಟು ಹಾಕಿದ್ದು ಹಾಕಿದ ಹಾಗೇ ಇದೆ. ನಾನು ಕೂಗಿಕೊಂಡೆ. ಯಜಮಾನರು ಬನಿಯನ್ನಿನಲ್ಲೇ ರಸ್ತೆಗೆ ಓಡಿದವರು ಪೇಪರು ಎತ್ತಿಕೊಂಡು ಒಳಗೆ ಹೋದರು. ಆಟೋದವರೇ ಬಂದು, "ತಡ ಮಾಡ್ಬೇಡಿ, ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡುವಾ" ಎಂದು ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಕಳ್ಳರಿಗೆ ಬೈದರು. ಬಸ್ ಸ್ಟ್ಯಾಂಡ್ ಎದುರಿಗೆ ಬಂದಾಗ ಗಾಡಿ ನಿಧಾನ ಮಾಡಿ, "ಅದು ನಿಮ್ದೇ ಅಲ್ವಾ?" ಎಂದರು.

ನನ್ನದೇ. ನಾನೇ ನಿಲ್ಲಿಸಿದ ಜಾಗದಲ್ಲಿ, ಕಾಗೆ ಹಿಕ್ಕೆಯ ಸಮೇತ.

ಸಮಾಧಾನವಾಯಿತು. ಆಮೇಲೆ ಅನುಮಾನ ಬಂತು. "ನಿನ್ನೆ ಸಂಜೆ ನೀವು ಇಲ್ಲೇ ನಿಂತಿದ್ರಲ್ಲ. ಸ್ಕೂಟರ್ ನೋಡಿರ್ಲಿಲ್ವಾ?"

"ನೋಡಿದ್ದೆ."

"ಮತ್ತೆ ನನಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಸ್ಕೂಟರ್ ಹತ್ತಿ ಹೋಗ್ತಿದ್ರಿ ಡಾಕ್ಟ್ರಮ್ಮ" ಎಂದರು ಅವರು, ನನ್ನ ದಡ್ಡತನಕ್ಕೆ ಕನಿಕರಪಟ್ಟು. "ನನ್ನ ಬಾಡಿಗೆ ಹೋಗ್ತಿತ್ತಲ್ಲ."

ನಾಲ್ಕು ದಿನ ಒಂದೇ ಪಾಠ

ಇಲ್ಲಿಯವರೆಗೆ ಮರೆವು ನನ್ನದು ಮಾತ್ರ ಎಂದುಕೊಂಡಿದ್ದೆ. ಯಜಮಾನರಂತೂ ರಾತ್ರಿಯೆಲ್ಲ ಮನೆ ಅದುರುವ ಹಾಗೆ ನಿದ್ದೆ ಮಾಡುವವರು, ಅವರಿಗೇನು ಕಡಿಮೆ?

ಒಂದು ಸಂಜೆ ಅವರು ಕಾಲೇಜಿನಿಂದ ಬಂದವರು ಚಪ್ಪಲಿ ಕಳಚದೆ ಜಗಲಿಯಲ್ಲೇ ಕೂತರು. ಎಂತ ಆಯ್ತು ಎಂದು ಕೇಳಿದೆ. ಚಪ್ಪಲಿ ಕಳಚುತ್ತ ಹೇಳಿದರು.

ಸೋಮವಾರ ಮೆದುಳಿನ ಪಾಠ ಮಾಡಿದರಂತೆ. ಹಗಲಿಡೀ ಕಲಿತದ್ದನ್ನು ಮೆದುಳು ರಾತ್ರಿ ಗಾಢ ನಿದ್ದೆಯಲ್ಲಿ ವಿಂಗಡಿಸಿ, ಬೇಕಾದ್ದನ್ನು ಭದ್ರವಾಗಿ ಎತ್ತಿಡುತ್ತದೆ. ನಿದ್ದೆ ಕೆಟ್ಟರೆ ನೆನಪೂ ಕೆಟ್ಟಿತು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಚೆಂದವಾಗಿ ವಿವರಿಸಿದರು. ಮಂಗಳವಾರ ಅದನ್ನೇ ಮಾಡಿದರು. ಬುಧವಾರವೂ ಮಾಡಿದರು. ಮಕ್ಕಳು ತುಟಿ ಪಿಟಕ್ಕೆನ್ನಲಿಲ್ಲ. ಗೊತ್ತಿದ್ದ ಪಾಠ ಯಾರಿಗೆ ಬೇಡ? ಗುರುವಾರ ಮತ್ತೆ ಅದೇ ಚಿತ್ರ ಬರೆಯಲು ಸೀಮೆಸುಣ್ಣ ಎತ್ತಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನಿದ್ದೆ ಚೊಲೋ ಆದ್ರೆ ನೆನಪಿರ್ತದೆ ಅಂದಿದ್ರಿ. ನಾವೆಲ್ಲ ಮೂರು ದಿನ ಚೊಲೋ ನಿದ್ದೆ ಮಾಡಿದ್ದೇವೆ, ನಮಗೆಲ್ಲ ನೆನಪಿದೆ. ನೀವು ಮಲಗೂದು ಎಷ್ಟು ಗಂಟೆಗೆ ಸರ್?"

ನಾನು ಬಿದ್ದು ಬಿದ್ದು ನಕ್ಕೆ. ಕಣ್ಣು ಒರೆಸಿಕೊಂಡು ನೋಡಿದರೆ ಅವರು ನಗುತ್ತಿರಲಿಲ್ಲ.

ಜೇಬಿನ ಚೀಟಿಗಳು

ಮರುದಿನ ಅವರ ಶರ್ಟು ತೊಳೆಯಲು ಹಾಕುವಾಗ ಜೇಬಿಗೆ ಕೈಹಾಕಿದೆ. ಚೀಟಿಗಳು. ಒಂದಲ್ಲ ಎರಡಲ್ಲ, ಹದಿನಾರು. ಎಲ್ಲ ಅವರ ಮುತ್ತಿನಂಥ ಅಕ್ಷರದಲ್ಲಿ.

"ಗ್ಯಾಸ್ ಬುಕ್ ಮಾಡಿ ಆಗಿದೆ. ಮತ್ತೆ ಮಾಡುವುದು ಬೇಡ." "ಪ್ರಿನ್ಸಿಪಾಲರ ಮಗಳ ಮದುವೆಗೆ ಹೋಗಿ ಬಂದಿದ್ದೇವೆ. ಮದುವೆ ಯಾವಾಗ ಎಂದು ಕೇಳಬಾರದು." "ಬಲಗಡೆ ಚಪ್ಪಲಿ ರಿಪೇರಿಗೆ ಕೊಟ್ಟಿದೆ." ಕೊನೆಯದರಲ್ಲಿ ಬರೀ ಇಷ್ಟೇ: "ಹೆಂಡತಿ ಕೇಳಿದರೆ ಹೌದು ಎನ್ನುವುದು." ಯಾವುದಕ್ಕೆ ಎಂದು ಬರೆದಿರಲಿಲ್ಲ.

ನಗು ಬಂತು. ಅದರ ಹಿಂದೆಯೇ ಅಳು ಬಂತು. ಎಷ್ಟು ದಿನದಿಂದ ಈ ಮನುಷ್ಯ ಹೀಗೆ ಜೇಬಿನಲ್ಲಿ ನೆನಪು ಇಟ್ಟುಕೊಂಡು ಓಡಾಡುತ್ತಿದ್ದಾರೆ?

ಚೀಟಿಗಳನ್ನು ತೆಗೆದುಕೊಂಡು ಹೋಗಿ ಅವರ ಎದುರಿಗೆ ಇಟ್ಟೆ. ಅವರು ಒಂದೊಂದನ್ನೇ ಮಡಚುತ್ತ ಹೇಳಿದರು: "ನಮ್ಮ ದೊಡ್ಡಪ್ಪನ ನೆನಪಿದೆಯಲ್ಲ. ಕಡೆಗೆ ಸ್ವಂತ ಮಗನಿಗೇ ನಮಸ್ಕಾರ ಮಾಡಿ, ತಾವು ಯಾವ ಊರಿನವರು ಅಂತ ಕೇಳಿದ. ನನಗೂ ಅದೇ ಶುರುವಾಗಿದೆ. ನಿಂಗೆ ಹೇಳ್ಬೇಕು ಅಂತ ತಿಂಗಳಿಂದ ಅಂದ್ಕೊಳ್ತಾ ಇದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ಪಾಪ, ನಿಜ ಹೇಳಿದರು. "ಮರೆತುಹೋಗ್ತಿತ್ತು."

ದೋಣಿ, ಛತ್ರಿ, ಇನ್ನೊಂದು

ಕುಮಟೆಯ ಒಬ್ಬರು ಡಾಕ್ಟರ ಹತ್ತಿರ ಹೋದೆವು. ಸಣ್ಣ ನರ್ಸಿಂಗ್ ಹೋಮು, ಒಳ್ಳೆಯ ಮನುಷ್ಯ ಎಂದು ಹೆಸರು. ಯಜಮಾನರ ಕೈಯನ್ನು ನಾನು ಮೇಜಿನ ಕೆಳಗೆ ಹಿಡಿದುಕೊಂಡಿದ್ದೆ.

ಡಾಕ್ಟರು ಹೇಳಿದರು: "ಮೂರು ಶಬ್ದ ಹೇಳ್ತೇನೆ, ನೆನಪಿಟ್ಕೊಳ್ಳಿ. ಐದು ನಿಮಿಷ ಬಿಟ್ಟು ಕೇಳ್ತೇನೆ. ದೋಣಿ, ಛತ್ರಿ, ಹಲಸಿನಹಣ್ಣು."

ಆಮೇಲೆ ಬಿಪಿ ನೋಡಿದರು, ಊಟ ತಿಂಡಿ ವಿಚಾರಿಸಿದರು, ನಾಲಿಗೆ ಚಾಚಿಸಿದರು. ಐದು ನಿಮಿಷವಾಯಿತು. "ಈಗ ಹೇಳಿ ಸರ್."

"ದೋಣಿ" ಎಂದರು ಯಜಮಾನರು. ಮುಂದೆ ದಾರಿ ಇಲ್ಲ. ಪಾಪ, ಹಣೆ ಉಜ್ಜಿಕೊಂಡರು. ನನ್ನ ಕಡೆ ನೋಡಿದರು. ನನಗೆ ತಡೆಯಲಾಗಲಿಲ್ಲ, "ಛತ್ರಿ" ಎಂದೆ. ಅಲ್ಲಿಗೆ ನನ್ನದೂ ಮುಗಿಯಿತು. ಇಬ್ಬರೂ ಡಾಕ್ಟರ ಮುಖ ನೋಡಿದೆವು.

ಡಾಕ್ಟರು ಕಾಗದ ನೋಡಿದರು. ಬರೆದುಕೊಂಡಿರಲಿಲ್ಲ. ಪೆನ್ನಿನಿಂದ ಕಿವಿ ಕೆರೆದುಕೊಂಡರು. ಕಿಟಕಿಯ ಹೊರಗೆ ನೋಡಿದರು. ಕಡೆಗೆ ಬಾಗಿಲ ಕಡೆ ತಿರುಗಿ, "ಸಿಸ್ಟರ್, ಮೂರನೇದು ಎಂತ ಹೇಳಿದ್ದೆ?" ಎಂದರು.

"ಹಲಸಿನಹಣ್ಣು ಸರ್" ಎಂದಿತು ಹೊರಗಿನ ಧ್ವನಿ. "ನೀವು ಎಲ್ಲರಿಗೂ ಅದನ್ನೇ ಹೇಳೂದಲ್ವಾ."

"ನಿನ್ನೆ ರಾತ್ರಿ ಎರಡು ಎಮರ್ಜೆನ್ಸಿ ಇತ್ತು. ನಿದ್ದೆಯಿಲ್ಲ" ಎಂದರು ಡಾಕ್ಟರು ನಾಚಿಕೊಂಡು. ಹಾಗೆಂದವರು ಪೆನ್ನು ಕೆಳಗಿಟ್ಟು, ಏನೋ ಹೊಳೆದವರಂತೆ ಯಜಮಾನರನ್ನು ನೋಡಿದರು. "ಅಂದ ಹಾಗೆ, ನಿಮ್ಮ ನಿದ್ದೆ ಹೇಗೆ? ಗೊರಕೆ ಇದೆಯಾ?"

"ಇಲ್ಲವೇ ಇಲ್ಲ" ಎಂದರು ಯಜಮಾನರು. "ನಾನಂತೂ ಒಂದು ದಿನವೂ ಕೇಳಿಲ್ಲ."

ನಾನು ಮೊಬೈಲು ತೆಗೆದು ಹಿಂದಿನ ವಾರ ರೆಕಾರ್ಡ್ ಮಾಡಿದ್ದನ್ನು ಹಚ್ಚಿದೆ. ಅರ್ಧ ನಿಮಿಷವಾಗಿರಲಿಲ್ಲ, ಸಿಸ್ಟರ್ ಬಾಗಿಲು ದೂಡಿಕೊಂಡು ಬಂದರು. "ಸರ್, ಕರೆಂಟ್ ಇದ್ಯಲ್ಲ, ಜನರೇಟರ್ ಹಾಕಿದ್ದು ಯಾರು?"

ಡಾಕ್ಟರು ಕೈಯೆತ್ತಿ ಸುಮ್ಮನಿರಿಸಿದರು. ಅವರು ಗೊರಕೆಯನ್ನಲ್ಲ, ಗೊರಕೆ ನಿಲ್ಲುವುದನ್ನು ಕೇಳುತ್ತಿದ್ದರು. "ಇಲ್ಲಿ ನೋಡಿ, ಸದ್ದು ನಿಂತಿತು. ಆ ಹೊತ್ತಿಗೆ ಇವರ ಉಸಿರೂ ನಿಂತಿದೆ. ಆಮೇಲೆ ಈ ಗಕ್ ಅಂತ ಸದ್ದು ಬಂತಲ್ಲ, ಅದು ಮೆದುಳು ಗಾಬರಿಯಾಗಿ ಎಬ್ಬಿಸಿದ್ದು. ರಾತ್ರಿಯಿಡೀ ಹೀಗಾದ್ರೆ ಗಾಢ ನಿದ್ದೆ ಬರೂದು ಯಾವಾಗ? ನೆನಪು ನಿಲ್ಲೂದು ಎಲ್ಲಿ?" ಎಂದರು. ದೊಡ್ಡಪ್ಪನ ಕಾಯಿಲೆಯೋ ಇದೋ ಎಂಬುದನ್ನು ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರೆ ತಿಳಿಯುತ್ತದೆ ಎಂದರು. ತಮ್ಮಲ್ಲೇ ಅದಕ್ಕೊಂದು ಕೋಣೆ ಇದೆ, ಶುಕ್ರವಾರ ಬನ್ನಿ.

"ಶುಕ್ರವಾರ" ಎಂದು ಯಜಮಾನರು ಚೀಟಿ ಬರೆದುಕೊಂಡರು. ನೋಡಿದರೆ ಡಾಕ್ಟರೂ ಬರೆದುಕೊಳ್ಳುತ್ತಿದ್ದರು.

ಯಾರ ನಿದ್ದೆ ಯಾರಿಗೆ

ನಿದ್ದೆ ಪರೀಕ್ಷೆಯ ಕೋಣೆ ಅಂದರೆ ಏನೋ ಭಯಂಕರ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಸ್ವರ್ಗ. ತಣ್ಣನೆ ಏಸಿ, ಮೆತ್ತನೆ ಹಾಸಿಗೆ, ಕಿಟಕಿಗೆ ದಪ್ಪ ಪರದೆ. ರೋಗಿಯ ಜೊತೆ ಬಂದವರಿಗೆ ಹೊರಗಿನ ಸಣ್ಣ ಕೋಣೆಯಲ್ಲಿ ಒಂದು ಬೆಂಚು, ನಡುವೆ ದಪ್ಪ ಬಾಗಿಲು.

ಯಜಮಾನರು ಬಟ್ಟೆ ಬದಲಿಸಲು ಬಾತ್‌ರೂಮಿಗೆ ಹೋದರು. ಹಾಸಿಗೆ ಹೇಗಿದೆ ನೋಡೋಣ ಎಂದು ನಾನು ಅಂಚಿನಲ್ಲಿ ಕೂತೆ. ದಿಂಬು ಹೇಗಿದೆ ನೋಡೋಣ ಎಂದು ತಲೆ ಇಟ್ಟೆ. ನನಗೆ ನೆನಪಿರುವುದು ಅಷ್ಟೇ.

ಉಳಿದದ್ದು ಬೆಳಿಗ್ಗೆ ತಿಳಿದದ್ದು. ಪರೀಕ್ಷೆ ಮಾಡುವ ಟೆಕ್ನಿಷಿಯನ್ ಆ ರಾತ್ರಿ ಪಾಳಿಗೆ ಹೊಸದಾಗಿ ಬಂದಾತ. ಫೈಲಿನಲ್ಲಿ ಹೆಸರಿನ ಬದಲು ಇನಿಶಿಯಲ್ಲು. ಪೇಷಂಟ್ ಮಂಚದ ಮೇಲೆ ಇರುತ್ತಾರೆ ಎಂದು ಅವನಿಗೆ ಹೇಳಿದ್ದರು. ಮಂಚದ ಮೇಲೆ ನಾನಿದ್ದೆ. ತಲೆಗೆ, ಗಲ್ಲಕ್ಕೆ, ಕಾಲಿಗೆ ಒಂದೊಂದೇ ವೈರು ಅಂಟಿಸಿದ. ನಾನು ಮಿಸುಕಲಿಲ್ಲ.

ಯಜಮಾನರು ಹೊರಗೆ ಬಂದು ನೋಡಿದರು. "ನಿಮಗೆ ಎಂತದೂ ಅನುಮಾನ ಬರ್ಲಿಲ್ವಾ?" ಎಂದು ಆಮೇಲೆ ಕೇಳಿದೆ.

"ಬಂತು" ಎಂದರು. "ಪರೀಕ್ಷೆ ನಿಂದೇ ಇತ್ತು, ನಾನು ಮರೆತಿದ್ದೆ ಅಂದ್ಕೊಂಡೆ."

ಅವರು ಸದ್ದಿಲ್ಲದೆ ಬಾಗಿಲೆಳೆದುಕೊಂಡು ಹೋಗಿ ಬೆಂಚಿನ ಮೇಲೆ ಮಲಗಿದರು.

ಬೆಳಿಗ್ಗೆ ಡಾಕ್ಟರು ಉದ್ದನೆಯ ಕಾಗದ ಹಿಡಿದು, ಮುಖವೆಲ್ಲ ನಗುವಾಗಿ ಬಂದು ಯಜಮಾನರ ಕೈ ಕುಲುಕಿದರು. "ಸರ್, ಇಂಥ ನಿದ್ದೆ ನನ್ನ ಸರ್ವಿಸ್ಸಿನಲ್ಲೇ ನೋಡಿಲ್ಲ! ಒಂಬತ್ತು ಗಂಟೆ, ಒಂದೇ ಮಗ್ಗುಲು. ಉಸಿರು ಗಡಿಯಾರದ ಹಾಗೆ. ಚಿಕ್ಕ ಮಕ್ಕಳು ಹೀಗೆ ಮಲಗ್ತಾರೆ. ಒಂದೇ ಒಂದು ಅರ್ಥವಾಗ್ಲಿಲ್ಲ. ಗೊರಕೆ ಮೈಕಿನಲ್ಲಿ ಇದೆ, ನಿಮ್ಮ ಮೂಗಿನಲ್ಲಿ ಇಲ್ಲ. ಎಲ್ಲೋ ದೂರದಲ್ಲಿ ರೈಲು ಹೋದ ಹಾಗೆ ಕೇಳ್ತದೆ."

ಅಷ್ಟರಲ್ಲಿ ಒಳಗಿನಿಂದ ನಾನು, ತಲೆತುಂಬ ವೈರು ಹೊತ್ತುಕೊಂಡು, ಆಕಳಿಸುತ್ತ ಹೊರಗೆ ಬಂದೆ.

ಡಾಕ್ಟರು ನನ್ನನ್ನು ನೋಡಿದರು, ಅವರನ್ನು ನೋಡಿದರು, ಕಾಗದವನ್ನು ನೋಡಿದರು. ಟೆಕ್ನಿಷಿಯನ್ ಗೋಡೆಯನ್ನು ನೋಡಿದ. ನನಗೆ ಮಾತ್ರ ಅವತ್ತು ಲೋಕವೇ ಹೊಸದಾಗಿ ತೊಳೆದಿಟ್ಟಂತೆ ಕಾಣುತ್ತಿತ್ತು. ಮೂರು ತಿಂಗಳಿಂದ ಹುಡುಕುತ್ತಿದ್ದ ಕಪಾಟಿನ ಕೀಲಿಕೈ ಅಕ್ಕಿ ಡಬ್ಬಿಯಲ್ಲಿದೆ ಎಂಬುದು ಥಟ್ಟನೆ ನೆನಪಾಯಿತು. ಅಲ್ಲೇ ಗಟ್ಟಿಯಾಗಿ ಹೇಳಿದೆ: "ಹಲಸಿನಹಣ್ಣು!"

ಡಾಕ್ಟರು ಆ ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಮಾರನೆಯ ರಾತ್ರಿ ತಾವೇ ನಿಂತು, ಯಜಮಾನರ ಕೈಹಿಡಿದು ಮಂಚದ ಮೇಲೆ ಕೂರಿಸಿ, ನನ್ನನ್ನು ಹೊರಗೆ ಹಾಕಿ ಚಿಲಕ ಹಾಕಿದರು.

ಅದರ ಫಲಿತಾಂಶ ಬಂದ ದಿನ ನಾವಿಬ್ಬರೂ ಹಿಡಿದುಕೊಂಡ ಕೈ ಬಿಟ್ಟಿರಲಿಲ್ಲ. "ದೊಡ್ಡಪ್ಪನ ಕಾಯಿಲೆ ಅಲ್ಲ" ಎಂದರು ಡಾಕ್ಟರು. "ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ತದೆ. ಒಂದು ಮಿಶನ್ ಕೊಡ್ತೇನೆ, ರಾತ್ರಿ ಮೂಗಿಗೆ ಹಾಕಿ ಮಲಗಿ. ನೆನಪು ವಾಪಸ್ ಬರ್ತದೆ." ಯಜಮಾನರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಒರೆಸಿ ಮೇಜಿನ ಮೇಲಿಟ್ಟು, ಹಾಗೇ ಎದ್ದು ಬಂದರು. ಅದನ್ನು ತರಲು ನಾನು ಹಿಂದೆ ಹೋಗಬೇಕಾಯಿತು.

ಸದ್ದಿಲ್ಲದ ಮನೆ

ಮಿಶನ್ ಮನೆಗೆ ಬಂತು. ಚಿಕ್ಕ ಪೆಟ್ಟಿಗೆ, ಅದರಿಂದೊಂದು ಉದ್ದ ಕೊಳವೆ, ಕೊಳವೆಯ ತುದಿಗೆ ಮೂಗಿನ ಮುಖವಾಡ. ಯಜಮಾನರು ಹಾಕಿಕೊಂಡು ಕನ್ನಡಿ ನೋಡಿದರು. ಅತ್ತೆ ಬಾಗಿಲಲ್ಲಿ ನಿಂತು ಪರೀಕ್ಷಿಸಿ, "ಸಾಕ್ಷಾತ್ ಗಣಪತಿ ಹಾಂಗೇ ಕಾಣ್ತ" ಎಂದು ಕೈಮುಗಿದು ಮಲಗಲು ಹೋದರು.

ಹತ್ತಕ್ಕೆ ಯಜಮಾನರು ಕಣ್ಣು ಮುಚ್ಚಿದರು. ನಾನು ಕಾದೆ. ಲಾರಿ ಘಟ್ಟ ಹತ್ತಲಿಲ್ಲ. ಜನರೇಟರು ಶುರುವಾಗಲಿಲ್ಲ. ಗೋಡೆಯ ಮೇಲೆ ಹಲ್ಲಿ ನಡೆದದ್ದು ಕೇಳಿಸಿತು. ಆಹಾ ಎಂದು ಕಾಲು ಚಾಚಿ ಮಲಗಿದೆ.

ನಿದ್ದೆ ಬರಲಿಲ್ಲ.

ಸದ್ದು ನಿಂತರೆ ಉಸಿರೂ ನಿಂತಿದೆ ಎಂದು ಡಾಕ್ಟರು ಹೇಳಿದ್ದು ತಲೆಯಲ್ಲಿ ತಿರುಗತೊಡಗಿತು. ಎದ್ದು ಅವರ ಎದೆಯ ಮೇಲೆ ಕೈಯಿಟ್ಟು ನೋಡಿದೆ. ಏರಿಳಿಯುತ್ತಿತ್ತು. ಮಲಗಿದೆ. ಹತ್ತು ನಿಮಿಷಕ್ಕೆ ಮತ್ತೆ ಎದ್ದೆ. ದನಕ್ಕೆ ಹಿಡಿಯುವ ಸ್ಟೆತೋಸ್ಕೋಪು ತಂದು ಹಿಡಿದೆ. ಚೆನ್ನಾಗಿಯೇ ಬಡಿಯುತ್ತಿತ್ತು.

ಹನ್ನೊಂದೂವರೆಗೆ ಬಾಗಿಲು ಬಡಿದ ಸದ್ದು. ಅತ್ತೆ. ಕೈಯಲ್ಲಿ ತೀರ್ಥದ ಗಿಂಡಿ, ಮುಖ ಬಿಳಿಚಿತ್ತು.

"ಎಂತಾ ಆತೆ? ಯಂಗೆ ಎಂತದೂ ಕೇಳ್ತಾ ಇಲ್ಲೆ! ಅಂವ ಇದ್ದ ಹೌದಾ?"

"ಇದ್ದಾರೆ ಅತ್ತೆ, ಮಲಗಿದ್ದಾರೆ."

ಅತ್ತೆ ನಂಬಲಿಲ್ಲ. ಮಗನ ಹೆಬ್ಬೆರಳು ಚಿವುಟಿದರು. ಅವರು ಕಾಲು ಎಳೆದುಕೊಂಡ ಮೇಲೆ ಸಮಾಧಾನವಾಯಿತು. "ಇಷ್ಟು ವರ್ಷದಿಂದ ಅದನ್ನೇ ಕೇಳ್ತಾ ಮಲಗಿದ್ದೆ. ಇನ್ ಯಂಗೆ ನಿದ್ದೆ ಹೆಂಗೆ ಬತ್ತು?" ಎಂದು ಅಲ್ಲೇ ಕುರ್ಚಿ ಎಳೆದು ಕೂತರು.

ಒಂದು ಗಂಟೆಗೆ ಅಂಗಳದಲ್ಲಿ ಬ್ಯಾಟರಿ ಬೆಳಕು. ಆಟೋದವರು, ಲುಂಗಿಯಲ್ಲಿ, ಹೆಂಡತಿಯ ಜೊತೆ. ಕಿಟಕಿಯ ಹತ್ತಿರ ಬಂದು ಗುಟ್ಟಿನಲ್ಲಿ ಕೇಳಿದರು: "ಡಾಕ್ಟ್ರಮ್ಮ, ಎಂತ ಆತು? ಸರ್‌ಗೆ ಹುಷಾರಿಲ್ವಾ? ಆಟೋ ತೆಗೀಲಾ?"

"ಏನೂ ಇಲ್ಲ, ಚೊಲೋ ಇದ್ದಾರೆ."

"ಅಲ್ಲ, ಸದ್ದೇ ಇಲ್ವಲ್ಲ! ಓಣಿಯವರೆಲ್ಲ ಎದ್ದು ಕೂತಿದ್ದಾರೆ."

ಹಾಗೆ ಆ ರಾತ್ರಿ ನಮ್ಮ ಓಣಿಯಲ್ಲಿ ಮಲಗಿದ್ದು ಒಬ್ಬರೇ. ಉಳಿದವರೆಲ್ಲ ಜಗಲಿಯಲ್ಲಿ ಕೂತು, ಅತ್ತೆ ಮಾಡಿದ ಕಷಾಯ ಕುಡಿಯುತ್ತ, ಸರದಿಯ ಮೇಲೆ ಒಳಗೆ ಹೋಗಿ ಉಸಿರು ನೋಡಿ ಬಂದೆವು.

ಆರೂವರೆಗೆ ಯಜಮಾನರು ಎದ್ದರು. ಮುಖವಾಡ ಕಳಚಿಟ್ಟು, ಮೈಮುರಿದು, ಜಗಲಿಗೆ ಬಂದರು. ಎಂಟೂವರೆ ಗಂಟೆಯ ನಿದ್ದೆ ಮುಖದಲ್ಲಿ ಹೊಳೆಯುತ್ತಿತ್ತು. ಇಪ್ಪತ್ತೈದು ವರ್ಷದ ಹಿಂದೆ ನನ್ನನ್ನು ನೋಡಲು ಬಂದ ಹುಡುಗನದೂ ಇದೇ ಮುಖ.

ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಜೇಬು ಮುಟ್ಟಿಕೊಳ್ಳಲಿಲ್ಲ, ಚೀಟಿ ತೆಗೆಯಲಿಲ್ಲ. ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಆಟೋದವರ ಮೇಲೆ ಕಣ್ಣು ನಿಂತಿತು. ಹುಬ್ಬು ಮೇಲಕ್ಕೆ ಹೋಯಿತು. ಎಲ್ಲೋ ಆಳದಿಂದ ಏನೋ ಎದ್ದು ಬರುತ್ತಿತ್ತು.

"ನಮ್ಮ ಏಣಿ" ಎಂದರು.

ಆಟೋದವರು ಕಣ್ಣು ಬಿಟ್ಟರು. "ಎಂತದು ಸರ್?"

"ನಮ್ಮ ಅಲ್ಯೂಮಿನಿಯಂ ಏಣಿ. ಹೋದ ವರ್ಷ ಮಳ್ಗಾಲಕ್ಕೆ ಮುಂಚೆ, ಒಂದು ಭಾನುವಾರ, ಹೆಂಚು ಸರಿ ಮಾಡ್ಬೇಕು ಅಂತ ತಗೊಂಡು ಹೋಗಿದ್ರಿ. ಕೆಳಗಿನ ಮೆಟ್ಲು ಸ್ವಲ್ಪ ಬಾಗಿತ್ತು. ನೀವು ನೀಲಿ ಬನಿಯನ್ ಹಾಕಿದ್ರಿ. ಸಂಜೆ ತಂದು ಕೊಡ್ತೇನೆ ಅಂದಿದ್ರಿ. ಒರಳುಕಲ್ಲು ಎತ್ತೂ ಕಬ್ಬಿಣದ ಹಾರೆಯೂ ನಿಮ್ಮಲ್ಲೇ ಉಂಟು. ಎರಡು ದೊಡ್ಡ ಕೊಡಪಾನ ನಿಮ್ಮ ತಂಗಿ ಮದುವೆಗೆ ಹೋದದ್ದು, ಅದೂ ಬರ್ಲಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂತು! ನೆನಪೆಲ್ಲ ವಾಪಸ್ ಬಂತು!"

ಆಟೋದವರು ಎದ್ದು ನಿಂತು ಲುಂಗಿ ಸರಿಮಾಡಿಕೊಂಡರು. ಹೆಂಡತಿಯ ಮುಖ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ದನಿ ತಗ್ಗಿಸಿ, ಬಹಳ ವಿನಯದಿಂದ ಕೇಳಿದರು:

"ಡಾಕ್ಟ್ರಮ್ಮ, ಆ ಮಿಶನ್ನು ಅವ್ರು ವಾಪಸ್ ತಗೊಳ್ತಾರಾ?"